‘ಗೊತ್ತಿಲ್ಲ’ ಕಲಿಯಲು ಒಂದು ವರ್ಷ

ನಮ್ಮಕ್ಕನ ಮಗ ಈ ವರ್ಷ ‘ಲಾಂಗ್ ಟರ್ಮ್’. ಮೊದಲ ಸಲ ಕೇಳಿದಾಗ ಯಾವುದೋ ಬ್ಯಾಂಕ್ ಸಾಲದ ವಿಷಯ ಅಂದುಕೊಂಡಿದ್ದೆ. ಫೀಸು ಎಷ್ಟು ಅಂತ ಕೇಳಿದ ಮೇಲೆ, ನಾನೇನೂ ಅಷ್ಟು ತಪ್ಪು ತಿಳಿದಿರಲಿಲ್ಲ ಅನ್ನಿಸಿತು. ಪಿಯುಸಿ ಮುಗಿಸಿ, ನೀಟ್ ಬರೆದು, ಅಂಕ ಸಾಲದೆ ಇನ್ನೊಂದು ವರ್ಷ ಅದಕ್ಕೇ ಕೂರುವವರ ಕೋಚಿಂಗಿಗೆ ಈ ಹೆಸರು. ನೀಟನ್ನು ಎಷ್ಟು ಸಲ ಬೇಕಾದರೂ ಬರೆಯಬಹುದಂತೆ, ವಯಸ್ಸಿನ ಮೇಲ್ಮಿತಿಯೂ ಇಲ್ಲವಂತೆ. ಇದನ್ನು ನಮ್ಮ ಭಾವನ ಮುಂದೆ ಮಾತ್ರ ಎತ್ತಬೇಡಿ.

ಹೋದ ಸಲ ಅವನಿಗೆ 720ಕ್ಕೆ 410 ಬಂತು. ‘ಫಿಸಿಕ್ಸ್ ಕೈ ಕೊಡ್ತು’ ಅಂತ ಅಕ್ಕ ಬಂದವರಿಗೆಲ್ಲ ಹೇಳುತ್ತಾಳೆ. ಕೈ ಕೊಟ್ಟದ್ದು ಫಿಸಿಕ್ಸ್ ಅಲ್ಲ, ನಮ್ಮ ವಂಶ. ಇದ್ದ 180 ಪ್ರಶ್ನೆಗೂ ಉತ್ತರ ತುಂಬಿಸಿ ಬಂದಿದ್ದ ಮಹಾನುಭಾವ. ಸರಿ 118, ತಪ್ಪು 62. ಸರಿಗೆ ನಾಲ್ಕರಂತೆ 472 ಬಂತು, ತಪ್ಪಿಗೆ ಒಂದರಂತೆ 62 ಹೋಯಿತು.

ನಮ್ಮಲ್ಲಿ ಪ್ರಶ್ನೆಯನ್ನು ಖಾಲಿ ಬಿಟ್ಟವರೇ ಇಲ್ಲ. ಮಳೆ ಯಾವಾಗ ಅಂತ ತಾತನನ್ನು ಕೇಳಿದರೆ, ಆಕಾಶವನ್ನೂ ನೋಡದೆ ‘ಗುರುವಾರ’ ಅನ್ನುತ್ತಿದ್ದರು. ಅಕ್ಕ, ಯಾರಿಗೆ ಎಲ್ಲಿ ನೋವು ಅಂತ ಕೇಳುವ ಮೊದಲೇ ಕಷಾಯಕ್ಕೆ ಇಟ್ಟಿರುತ್ತಾಳೆ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಅದು ನಮ್ಮಂಥವರಿಗೇ ಹೇಳಿ ಮಾಡಿಸಿದ ಪರೀಕ್ಷೆ. ನೀಟಿನಲ್ಲೂ 2024ರವರೆಗೆ 200 ಪ್ರಶ್ನೆ ಕೊಟ್ಟು 180 ಬರೆಯಿರಿ ಅನ್ನುತ್ತಿದ್ದರು, ಇಪ್ಪತ್ತನ್ನು ಅವರೇ ಬಿಡಿಸುತ್ತಿದ್ದರು. 2025ರಿಂದ ಆ ಉಪಕಾರವೂ ನಿಂತಿತು.

ಹಾಗಾಗಿ ಈಗ ಹುಡುಗ ಹೊಸದಾಗಿ ಕಲಿಯಬೇಕಾದ್ದು ಬಿಡುವುದನ್ನು. ಉಳಿದದ್ದೆಲ್ಲ ಹಳೆಯದೇ. ಬಯಾಲಜಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಹಳದಿ, ಹಸಿರು, ಗುಲಾಬಿ ಬಣ್ಣ ಬಳಿದೂ ಬಳಿದೂ, ಬಣ್ಣ ಬಳಿಯದ ಸಾಲೇ ಎದ್ದು ಕಾಣುತ್ತದೆ. ಭಾನುವಾರ ಮಧ್ಯಾಹ್ನ 2ರಿಂದ 5 ಮನೆಯಲ್ಲೇ ಮಾಕ್ ಟೆಸ್ಟು. ಅರ್ಧ ತೋಳಿನ ಅಂಗಿ, ಕಾಲಿಗೆ ಚಪ್ಪಲಿ, ಎಲ್ಲ ನಿಜವಾದ ಪರೀಕ್ಷೆಯಂತೆಯೇ. ಭಾವ ಬಾಗಿಲಲ್ಲಿ ನಿಂತು ವಾಚು ಬಿಚ್ಚಿಸಿಕೊಳ್ಳುತ್ತಾರೆ. ಮಿಕ್ಸಿಗೆ ರಜ, ಚಟ್ನಿಗೂ ರಜ. ಒಮ್ಮೆ ಇಣುಕಿ ನೋಡಿದೆ: ಓಎಂಆರ್ ಹಾಳೆಯ ನಾಲ್ಕು ಸೊನ್ನೆಗಳ ಮೇಲೆ ಅವನ ಪೆನ್ನು, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಕೈಯ ಹಾಗೆ, ಆಚೆ ಈಚೆ ಆಡುತ್ತಿತ್ತು.

“ಗೊತ್ತಿಲ್ದಿದ್ರೆ ಬಿಡೋ” ಅಂದೆ, ಟೆಸ್ಟು ಮುಗಿದ ಮೇಲೆ.

“ಮಾವ, ಕಣ್ಣುಮುಚ್ಚಿ ಹೊಡೆದ್ರೆ ನಾಲ್ಕರಲ್ಲಿ ಒಂದು ಸರಿ ಬೀಳುತ್ತೆ. ನಾಲ್ಕು ಬಂತು, ಮೂರು ಹೋಯ್ತು. ಒಂದು ಲಾಭ.”

ಲೆಕ್ಕದಲ್ಲಿ ತಪ್ಪಿಲ್ಲ. ಎರಡು ಸಲ ಬೆರಳು ಮಡಚಿ ನೋಡಿದೆ.

“ಮತ್ತೆ ಅರವತ್ತೆರಡು ಯಾಕೋ ಹೋಯ್ತು?”

“ಅದರಲ್ಲಿ ಮುಕ್ಕಾಲು ಪಾಲು ಊಹೆ ಅಲ್ಲ ಮಾವ. ಗೊತ್ತು ಅಂದುಕೊಂಡಿದ್ದೆ.”

ನಾನು ಕಾಫಿ ಲೋಟ ಎತ್ತಿಕೊಂಡು ಗೇಟಿನ ಕಡೆ ನಡೆದೆ. ಅವನೂ ಹಿಂದೆಯೇ ಬಂದ. ಬೈಕಿನವನೊಬ್ಬ ನಿಲ್ಲಿಸಿ, “ಸಾರ್, ಸಬ್ ರಿಜಿಸ್ಟ್ರಾರ್ ಆಫೀಸು ಎಲ್ಲಿ ಬರುತ್ತೆ?” ಅಂದ.

“ನೇರ ಹೋಗಿ, ಎರಡನೇ ಎಡಕ್ಕೆ ತಗೊಳ್ಳಿ, ಹಾಲಿನ ಬೂತು ಸಿಗುತ್ತೆ, ಅಲ್ಲಿಂದ ಬಲಕ್ಕೆ” ಅಂದೆ. ಅಕ್ಕ ಆ ಬಡಾವಣೆಗೆ ಮನೆ ಬದಲಾಯಿಸಿದ ಮೇಲೆ ನಾನು ಹೋಗಿದ್ದು ಅದೇ ಮೊದಲು.

ಹುಡುಗ ಏನೂ ಅನ್ನಲಿಲ್ಲ. ಐದು ನಿಮಿಷಕ್ಕೆ ಬೀದಿಯ ತುದಿಯಲ್ಲಿ ಅದೇ ಬೈಕು ಕಾಣಿಸಿತು, ನಮ್ಮ ಕಡೆಗೇ ಬರುತ್ತಿತ್ತು. ನಾನು ಲೋಟ ತೊಳೆಯುವ ನೆವ ಮಾಡಿ ಒಳಗೆ ಹೊರಟೆ.

“ಮೈನಸ್ ಒಂದು, ಮಾವ” ಅಂದ.