ಮರ ಮುಳುಗಿಸುವ ಮಹಾನುಭಾವ

ಕ್ರಿಸ್‌ಮಸ್ ಮುಗಿದ ವಾರ ಅಮೆರಿಕದ ಟೆನೆಸ್ಸೀ, ಮಿಸಿಸಿಪ್ಪಿ ಕಡೆಯ ಊರುಗಳಲ್ಲಿ ಓಡಾಡಿದರೆ ಈತ ಸಿಕ್ಕೇ ಸಿಗುತ್ತಾನೆ. ವಯಸ್ಸು ಅರವತ್ತರ ಆಚೀಚೆ, ತಲೆಗೆ ಬೇಟೆಗಾರರ ಟೊಪ್ಪಿ, ಜೇಬಿನಲ್ಲಿ ಸದಾ ಒಂದು ಇಕ್ಕಳ. ಜನ ಅಲಂಕಾರ ಬಿಚ್ಚಿ ರಸ್ತೆಬದಿಗೆ ಎಸೆದ ಕ್ರಿಸ್‌ಮಸ್ ಮರಗಳನ್ನು ಪಿಕಪ್ ಟ್ರಕ್ಕಿಗೆ ಹೇರಿಕೊಳ್ಳುತ್ತಿರುತ್ತಾನೆ. ಸೌದೆಗಲ್ಲ. ಬುಡಕ್ಕೆ ಸಿಮೆಂಟ್ ಇಟ್ಟಿಗೆ ಕಟ್ಟಿ, ದೋಣಿಯಲ್ಲಿ ಸಾಗಿಸಿ, ಯಾರ ಕಣ್ಣಿಗೂ ಬೀಳದ ಹೊತ್ತಿನಲ್ಲಿ ನೀರಿಗೆ ಇಳಿಸುವುದಕ್ಕೆ. ಅಲ್ಲಿನ ವನ್ಯಜೀವಿ ಇಲಾಖೆಗಳೂ ಜಲಾಶಯಗಳಲ್ಲಿ ಹೀಗೇ ಮರ ಮುಳುಗಿಸುತ್ತವೆ. ಆದರೆ ಸರ್ಕಾರದವರು ಎಲ್ಲೆಲ್ಲಿ ಮುಳುಗಿಸಿದೆವೆಂದು ನಕ್ಷೆ ಹಾಕಿಬಿಡುತ್ತಾರೆ. ನಕ್ಷೆಯಲ್ಲಿರುವ ಮರ ಈತನ ಪಾಲಿಗೆ ಮರವೇ ಅಲ್ಲ.

ಇಷ್ಟೆಲ್ಲ ಪಾಡು ಕ್ರ್ಯಾಪಿ ಎಂಬ ಮೀನಿಗಾಗಿ. ಚಪ್ಪಟೆ ಮೈ, ಮೈತುಂಬ ಕಪ್ಪು ಚುಕ್ಕೆ, ಸಿಹಿನೀರಿನ ವಾಸ. ಕಪ್ಪು, ಬಿಳಿ ಎಂದು ಎರಡು ಜಾತಿ. ಬಿಳಿ ಕ್ರ್ಯಾಪಿಯ ದಾಖಲೆ ಮೀನು 1957ರಲ್ಲಿ ಮಿಸಿಸಿಪ್ಪಿಯ ಇನಿಡ್ ಅಣೆಕಟ್ಟಿನ ಬಳಿ ಸಿಕ್ಕಿತು. ಅದರ ತೂಕ 5 ಪೌಂಡ್ 3 ಔನ್ಸ್, ಅಂದರೆ ಎರಡೂವರೆ ಕಿಲೋ ಕೂಡ ಇಲ್ಲ. ಒಂದು ಕಿಲೋದ್ದು ಸಿಕ್ಕರೆ ಈತ ಅದನ್ನು ‘ಸ್ಲ್ಯಾಬ್’ ಎಂದು ಕರೆದು, ತೋಳು ಮುಂದಕ್ಕೆ ಚಾಚಿ ಫೋಟೋ ತೆಗೆಸಿಕೊಳ್ಳುತ್ತಾನೆ. ತೋಳು ಚಾಚಿದಷ್ಟೂ ಮೀನು ಬೆಳೆಯುತ್ತದೆ.

ಈ ಮೀನಿಗೆ ನೀರೊಳಗಿನ ಕೊಂಬೆಗಳ ಸಂದಿಯೇ ಮನೆ, ಅಲ್ಲಿ ಅವಿತುಕೊಳ್ಳುವ ಮರಿಮೀನುಗಳೇ ಊಟ. ಹೀಗಾಗಿ ಕೊಂಬೆಯಿಲ್ಲದ ಕಡೆ ಗಾಳ ಬಿಟ್ಟರೆ ಮೀನಿಲ್ಲ. ಕೊಂಬೆಯಿರುವ ಕಡೆ ಬಿಟ್ಟರೆ ಗಾಳವಿಲ್ಲ. ಟೆನೆಸ್ಸೀಯ ರೀಲ್‌ಫುಟ್ ಸರೋವರದಲ್ಲಿ ಈ ಏರ್ಪಾಡನ್ನು 1811–12ರ ಭೂಕಂಪಗಳೇ ಮಾಡಿಕೊಟ್ಟಿವೆ. ನೆಲ ಕುಸಿದು ಕಾಡಿಗೆ ಕಾಡೇ ಮುಳುಗಿತು. ಅದರ ಸೈಪ್ರೆಸ್ ಬೊಡ್ಡೆಗಳಿಗೆ ಇವತ್ತಿಗೂ ದೋಣಿಗಳ ತಳ ಉಜ್ಜುತ್ತದೆ. ಉಳಿದ ಕಡೆ ಭೂಕಂಪದ ಕೆಲಸವನ್ನು ಈತನೇ ಮಾಡಬೇಕು. ಜನವರಿಯಲ್ಲಿ ಮರ ಮುಳುಗಿಸುತ್ತಾನೆ. ಫೆಬ್ರವರಿಯಿಡೀ, ಆ ಮರಕ್ಕೆ ಗಾಳ ಸಿಕ್ಕಿಕೊಳ್ಳದಂತೆ ಮಾಡುವುದು ಹೇಗೆಂದು ಊಟದ ಮೇಜಿನ ಮೇಲೆ ಸಂಶೋಧನೆ ನಡೆಸುತ್ತಾನೆ.

ಆ ಮೇಜನ್ನು ನೋಡಬೇಕು. ಡಬ್ಬಿಗಳಲ್ಲಿ ಜಿಗ್ಗುಗಳು: ಒಂದು ಔನ್ಸಿನ ಹದಿನಾರನೇ ಒಂದು ಪಾಲು, ಅಂದರೆ ಎರಡು ಗ್ರಾಂ ಕೂಡ ತೂಗದ ಸೀಸದ ತಲೆ, ಅದಕ್ಕೊಂದು ರಬ್ಬರಿನ ಬಾಲ. ಬಾಲದ ಬಣ್ಣಗಳಿಗೆ ‘ಎಲೆಕ್ಟ್ರಿಕ್ ಚಿಕನ್’, ‘ಮಂಕಿ ಮಿಲ್ಕ್’ ಎಂದೆಲ್ಲ ಹೆಸರು. ಗಾಳದ ಬಾಯಿಗೆ ಅಡ್ಡವಾಗಿ ಸಣ್ಣ ಎಳೆಗಳ ಕಾವಲು. ಗಾಳ ಬೇಕೆಂದೇ ತೆಳುತಂತಿಯದು, ದಾರ ಅದಕ್ಕಿಂತ ಗಟ್ಟಿ. ಕೊಂಬೆಗೆ ಕಚ್ಚಿಕೊಂಡಾಗ ಬಲವಾಗಿ ಎಳೆದರೆ ಗಾಳವೇ ನೆಟ್ಟಗಾಗಿ ಬಿಟ್ಟುಕೊಳ್ಳುತ್ತದೆ. ಇಕ್ಕಳದಿಂದ ಮತ್ತೆ ಬಗ್ಗಿಸಿದರಾಯಿತು. ಜೀವದ ಮರಿಮೀನು ಕಟ್ಟುವ ದಿನ ಬೇರೆ ಸಾಹಸ. ಕೋಳಿಮೊಟ್ಟೆಯಾಕಾರದ ಸೀಸದ ಗುಂಡಿನ ತೂತಿನೊಳಗೆ ದಾರವನ್ನು ಮೂರು ನಾಲ್ಕು ಸಲ ಸುತ್ತಿ ತರಬೇಕು, ಗುಂಡು ಜಾರದಂತೆ. ಅದರ ಮೇಲೊಂದು ಗಾಳ, ಕೆಳಗೊಂದು ಗಾಳ.

“ಹನಿ, ಮೇಜು ಯಾವಾಗ ಖಾಲಿಯಾಗುತ್ತೆ?” ಎಂದು ಹೆಂಡತಿ ಕೇಳುತ್ತಾರೆ.

“ಇನ್ನೆರಡೇ ಗಂಟು.”

ಆಕೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಸೋಫಾದಲ್ಲಿ ಊಟ ಮಾಡುವುದನ್ನು ಎಂದೋ ರೂಢಿಸಿಕೊಂಡಿದ್ದಾರೆ.

ನೀರಿಗಿಳಿದ ಮೇಲೆ ನಿಜವಾದ ಪರೀಕ್ಷೆ. ಕ್ರ್ಯಾಪಿಯ ಕಣ್ಣು ನೆತ್ತಿಯ ಕಡೆಗಿದೆ, ಅದು ಮೇಲೆ ನೋಡಿ ತಿನ್ನುವ ಪ್ರಾಣಿ. ಗಾಳ ಕೊಂಬೆಯ ತುದಿಗಿಂತ ಒಂದಡಿ ಮೇಲೆ ನಿಂತರೆ ಸಾಕು, ಮೀನೇ ಎದ್ದು ಬರುತ್ತದೆ. ಇದನ್ನು ಎಲ್ಲರಿಗೂ ಬೋಧಿಸುವವನು ಈತನೇ. ಆದರೆ ದೊಡ್ಡ ಮೀನು ಇನ್ನೂ ಸ್ವಲ್ಪ ಕೆಳಗಿದೆಯೆಂಬ ಅನುಮಾನ ಯಾವ ತಪಸ್ವಿಯನ್ನೂ ಬಿಟ್ಟಿಲ್ಲ. ಒಂದಡಿ ಇಳಿಸುತ್ತಾನೆ, ಇನ್ನೊಂದು ಗೇಣು ಇಳಿಸುತ್ತಾನೆ, ದಾರ ಬಿಗಿಯಾಗುತ್ತದೆ. ಕಚ್ಚಿದ್ದು ಮೀನೋ ಮರವೋ? ಕ್ರ್ಯಾಪಿಯ ಬಾಯಿಯ ಪೊರೆ ಬಹಳ ತೆಳು, ಜೋರಾಗಿ ಎಳೆದರೆ ಹರಿದು ಮೀನು ಹೋಯಿತು. ಮರವಾದರೆ ಮೆಲ್ಲಗೆ ಎಳೆದು ಉಪಯೋಗವಿಲ್ಲ. ಈತ ಉಸಿರು ಬಿಗಿಹಿಡಿದು ಮರವನ್ನು ಮೃದುವಾಗಿ ಎಳೆಯುತ್ತಾನೆ.

2018ರಲ್ಲಿ ಗಾರ್ಮಿನ್ ಕಂಪನಿ ಲೈವ್‌ಸ್ಕೋಪ್ ಎಂಬ ಯಂತ್ರ ತಂದಿತು. ದೋಣಿಯ ಮುಂದಿರುವ ಮರ, ಕೊಂಬೆ, ಮೀನು, ಇಳಿಯುತ್ತಿರುವ ಗಾಳ, ಎಲ್ಲವೂ ಆ ಕ್ಷಣದಲ್ಲೇ ಪರದೆಯ ಮೇಲೆ. “ಇದು ಮೀನು ಹಿಡಿಯುವುದಲ್ಲ, ಟಿವಿ ನೋಡುವುದು” ಎಂದು ಈತ ಒಂದು ವರ್ಷ ಊರೆಲ್ಲ ಸಾರಿದ. ಮರುವರ್ಷ ದೋಣಿಗೆ ಹಾಕಿಸಿಕೊಂಡ. ಈಗ ಗಾಳ ಕೊಂಬೆಗೆ ಸಿಕ್ಕಿಬೀಳುವುದನ್ನು ನೇರಪ್ರಸಾರದಲ್ಲೇ ನೋಡುತ್ತಾನೆ.

ಇನ್ನು ಜಾಗದ ವಿಷಯ. ಹಿಡಿದ ಮೀನನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದು ಬೀದಿಗೆಲ್ಲ ಹಂಚುವ ಧಾರಾಳಿ, ಜಾಗದ ಮಾತು ಬಂದರೆ ಜಿಪುಣಾಗ್ರೇಸರ. “ಎಲ್ಲಿ ಸಿಕ್ಕಿತು?” ಎಂದರೆ “ತುಟಿಯಲ್ಲಿ” ಎನ್ನುತ್ತಾನೆ. ಆದರೂ ಪಕ್ಕದ ಮನೆಗೆ ಬಾಡಿಗೆಗೆ ಬಂದ ನಾವು ಮೀನು, ಮಾಂಸ ಮುಟ್ಟುವುದಿಲ್ಲವೆಂದು ತಿಳಿದ ದಿನ ಆತನ ಮುಖದಲ್ಲಿ ಮೊದಲು ಕನಿಕರ, ಆಮೇಲೆ ಅಪಾರ ವಿಶ್ವಾಸ ಮೂಡಿತು. ನನ್ನನ್ನು ಗ್ಯಾರೇಜಿಗೆ ಕರೆದೊಯ್ದು ಜಿಪಿಎಸ್ ತೆರೆದು, ಒಂದೊಂದು ಮರವನ್ನೂ ಅದು ಯಾರ ಮನೆಯ ಮುಂದೆ ಸಿಕ್ಕಿತು ಎಂಬುದರ ಸಮೇತ ತೋರಿಸತೊಡಗಿದ. ನಾನೂ ಮರ್ಯಾದೆಗೆ ಏನಾದರೂ ಹೇಳಬೇಕಲ್ಲ. ಮುಂದಿನ ವಾರ ತಂಗಿ, ಭಾವ ಬರುತ್ತಿದ್ದಾರೆ, ಭಾವನವರು ಮಂಗಳೂರಿನ ಕಡೆಯವರು, ಮೀನಿಲ್ಲದೆ ಅವರಿಗೆ ಅನ್ನ ಇಳಿಯುವುದಿಲ್ಲ ಎಂದೆ.

ಆತ ಜಿಪಿಎಸ್ ಆರಿಸಿ ಜೇಬಿಗಿಟ್ಟುಕೊಂಡು, ನಿಮ್ಮ ತಂಗಿಯವರು ಎಷ್ಟು ದಿನ ಇರುತ್ತಾರೆ ಎಂದು ಕೇಳಿದ.