ಮುಚ್ಚಿಟ್ಟ ಬಿಪಿ

(ಬಿ.ಸಿ.ರೋಡಿನ ಹೋಟೆಲು. ಬೆಳ್ತಂಗಡಿಯ ಅಡಿಕೆ ಕೃಷಿಕ ಭಟ್ರು, ಮೂಡುಬಿದಿರೆಯ ನಿವೃತ್ತ ಗುಮಾಸ್ತ ಶೆಟ್ರು.)

ಭಟ್ರು: ಸ್ಟೆಂಟ್ ಹಾಕಿಸಿದ್ದಕ್ಕೆ ವಿಮೆಯವರು ದುಡ್ಡು ಕೊಡುವುದಿಲ್ಲವಂತೆ ಶೆಟ್ರೇ. ನಾನು ಬಿಪಿ ಮುಚ್ಚಿಟ್ಟಿದ್ದೇನಂತೆ.

ಶೆಟ್ರು: ಇತ್ತಾ?

ಭಟ್ರು: ಇಲ್ಲ ಮಾರಾಯ್ರೆ! ಅವರ ಕಾಗದ ಓದಿದ ಮೇಲೆ ಬಂದದ್ದು.

ಶೆಟ್ರು: ಪಾಲಿಸಿ ಎಷ್ಟು ವರ್ಷದ್ದು?

ಭಟ್ರು: ಆರು. ಕೊಳೆರೋಗಕ್ಕೆ ತೋಟ ಹೋದ ವರ್ಷವೂ ಕಂತು ಕಟ್ಟಿದ್ದೇನೆ.

ಶೆಟ್ರು: ಹಾಗಾದರೆ 60 ತಿಂಗಳು ದಾಟಿತು. 2024ರಿಂದ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ನಿಯಮ ಉಂಟು. ಅಷ್ಟು ಕಾಲ ತಪ್ಪದೆ ಕಟ್ಟಿದವರನ್ನು, ವಂಚನೆ ಸಾಬೀತಾಗದೆ, ‘ಹೇಳಲಿಲ್ಲ’ ಅಂತ ತಳ್ಳುವ ಹಾಗಿಲ್ಲ.

ಭಟ್ರು: ಏಜೆಂಟರು ಇದನ್ನು ಹೇಳಲೇ ಇಲ್ಲವಲ್ಲ!

ಶೆಟ್ರು: ಅವರು ಮುಚ್ಚಿಟ್ಟದ್ದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ. ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರೆಯಿರಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ. ಶುಲ್ಕವಿಲ್ಲ, ವಕೀಲರೂ ಬೇಡ.

ಭಟ್ರು: ಗೆದ್ದರೆ?

ಶೆಟ್ರು: ತೀರ್ಪು ಕೈಸೇರಿದ 30 ದಿನದೊಳಗೆ ಕಂಪೆನಿ ಪಾಲಿಸಬೇಕು.

ಭಟ್ರು: ತಡೆಯಿರಿ, ಅವರದ್ದೇ ಮೆಸೇಜು ಬಂತು.

ಶೆಟ್ರು: ಎಂತದಂತೆ?

ಭಟ್ರು: ಏಳನೇ ಕಂತು ಕಟ್ಟಬೇಕಂತೆ. ಕಟ್ಟಿದರೆ ಬಿಪಿ ತಪಾಸಣೆ ಉಚಿತವಂತೆ!