ಪುಕ್ಕಟೆ ಕರೆಂಟಿನ ಮಾವ

ಚಿತ್ರದುರ್ಗದ ಕಡೆ ಯಾವ ಊರಿಗಾದರೂ ಹೋಗಿ, ಇಂಥವರೊಬ್ಬರು ಇದ್ದೇ ಇರುತ್ತಾರೆ. ನಿವೃತ್ತರು, ಪಂಚೆಗೆ ಗ್ರೀಸಿನ ಕಲೆ, ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್. ಕೇರಿಗೆಲ್ಲ 'ಕರೆಂಟ್ ಮಾವ'. ಅವರ ಕಾರ್‌ಶೆಡ್ಡಿನಲ್ಲಿ ಕಾರಿಲ್ಲ. ಲೋಕದ ಇಂಧನ ಸಮಸ್ಯೆಗೆ ಪರಿಹಾರವಿದೆ.

ಪರಿಹಾರ ಎಂದರೆ ಗುಜರಿಯಿಂದ ತಂದ ಒಂದು ಮೋಟಾರು, ಒಂದು ಡೈನಮೋ, ನಡುವೆ ಬೆಲ್ಟು. ಮೋಟಾರು ಡೈನಮೋವನ್ನು ತಿರುಗಿಸುತ್ತದೆ, ಡೈನಮೋ ಮೋಟಾರಿಗೆ ಕರೆಂಟು ಕೊಡುತ್ತದೆ, ಮಿಕ್ಕಿದ್ದು ಮನೆಗೆ. 'ಮಿಕ್ಕಿದ್ದು ಎಲ್ಲಿಂದ ಬಂತು?' ಎಂದು ಕೇಳಿದವರಿಗೆ ಆ ಮನೆಯಲ್ಲಿ ಕಾಫಿ ಇಲ್ಲ. ಮೇಜಿನ ಕೆಳಗೊಂದು ಬ್ಯಾಟರಿ ಇದೆಯಲ್ಲ? "ಅದು ಸ್ಟಾರ್ಟ್ ಮಾಡೋಕೆ ಅಷ್ಟೇ ಕಣಯ್ಯಾ." ಬೇರಿಂಗು ಬಿಸಿಯಾಗುವುದು, ಬೆಲ್ಟು ಕಿರುಚುವುದು ಎಲ್ಲ ಆ ಬ್ಯಾಟರಿಯ ಖರ್ಚಿನಲ್ಲೇ ಎಂದು ಪಿಯುಸಿ ಓದುವ ಮೊಮ್ಮಗಳು ಹೇಳಿದರೆ, "ನಿಮ್ಮ ಸಿಲಬಸ್ಸೇ ಬ್ರಿಟಿಷರದ್ದು" ಎಂದು ಬಾಯಿ ಮುಚ್ಚಿಸುತ್ತಾರೆ. ಆಮೇಲೆ ಭಾಸ್ಕರಾಚಾರ್ಯರನ್ನು ಕರೆತರುತ್ತಾರೆ. ಹನ್ನೆರಡನೇ ಶತಮಾನದ ಆ ಮಹಾನುಭಾವರು ಪಾದರಸ ತುಂಬಿದ, ತಾನಾಗಿಯೇ ಸುತ್ತುವ ಚಕ್ರವನ್ನು ವರ್ಣಿಸಿರುವುದು ನಿಜ. ಸುತ್ತಿದ್ದನ್ನು ಕಂಡವರಿಲ್ಲ. ಇಂಥ ಯಂತ್ರಗಳ ಅರ್ಜಿಗಳನ್ನು ಇನ್ನು ನೋಡುವುದೇ ಇಲ್ಲವೆಂದು ಪ್ಯಾರಿಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ಕೈತೊಳೆದುಕೊಂಡಿತು. ಮಾವನ ಪ್ರಕಾರ ಅದು ಶುದ್ಧ ಹೊಟ್ಟೆಕಿಚ್ಚು.

ಮೋಸಗಾರರೇನಲ್ಲ, ಪಾಪ. 1813ರಲ್ಲಿ ನ್ಯೂಯಾರ್ಕಿನಲ್ಲಿ ರೆಡ್‌ಹೆಫರ್ ಎಂಬಾತ ಇಂಥದೇ ಯಂತ್ರವನ್ನು ದುಡ್ಡಿಗೆ ತೋರಿಸುತ್ತಿದ್ದ. ಉಗಿಹಡಗು ಕಟ್ಟಿ ಹೆಸರಾದ ರಾಬರ್ಟ್ ಫುಲ್ಟನ್ ಅನುಮಾನಪಟ್ಟು ಪಕ್ಕದ ಮರದ ಪಟ್ಟಿ ಕಿತ್ತರೆ, ಒಳಗೊಂದು ಬೆಲ್ಟು. ಅದನ್ನೇ ಹಿಡಿದು ಹೋದರೆ ಅಟ್ಟದಲ್ಲಿ ಮುದುಕನೊಬ್ಬ ಹಿಡಿ ತಿರುಗಿಸುತ್ತ ಕೂತಿದ್ದ! ನಮ್ಮ ಮಾವನ ಮನೆಯಲ್ಲಿ ಬಚ್ಚಿಟ್ಟ ಮುದುಕರಿಲ್ಲ. ಇರುವವರೊಬ್ಬರು, ಎದುರಿಗೇ ನಿಂತು ತಿರುಗಿಸುತ್ತಾರೆ.

ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳೆಂದರೆ ಅವರಿಗೆ ಕನಿಕರ. "ಅರ್ಧ ಗಾಳೀನ ಹಾಗೇ ಬಿಟ್ಟುಬಿಡ್ತಾವೆ!" ಬಿಡಲೇಬೇಕು. ಗಾಳಿಯ ಶಕ್ತಿಯನ್ನೆಲ್ಲ ಹಿಂಡಿಕೊಂಡರೆ ಅದು ರೆಕ್ಕೆಯ ಬೆನ್ನಿಗೇ ನಿಂತುಬಿಡುತ್ತದೆ, ಮುಂದಿನ ಗಾಳಿಗೆ ದಾರಿ ಇರುವುದಿಲ್ಲ. ಎಂಥ ರೆಕ್ಕೆಗೂ ಶೇ. 59.3ಕ್ಕಿಂತ ಹೆಚ್ಚು ದಕ್ಕದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾನೆ.

"ಅದು ಜರ್ಮನಿ ಗಾಳಿ," ಎಂದರು ಮಾವ.

ಅವರ ತಾರಸಿಯ ಗಾಳಿಯಂತ್ರ ಆಷಾಢದಲ್ಲಿ ಭರ್ರೆಂದು ತಿರುಗಿ ಬಲ್ಬು ಉರಿಸಿದ್ದೂ ಹೌದು. ಮಳೆಗಾಲ ಮುಗಿದು ಗಾಳಿಯ ವೇಗ ಅರ್ಧಕ್ಕಿಳಿಯಿತು. ಬಲ್ಬು ಅರ್ಧವಾದರೂ ಉರಿಯಬೇಕಲ್ಲ ಎಂದು ಕಾದರು. ವೇಗ ಅರ್ಧವಾದರೆ ಶಕ್ತಿ ಎಂಟರಲ್ಲೊಂದು ಪಾಲಾಗುತ್ತದೆ. ಬಲ್ಬು ಮಿಣುಕಲೂ ಇಲ್ಲ. ಹಾಗಾಗಿ ಈಗ ಅದರೆದುರಿಗೆ ಒಂದು ಟೇಬಲ್ ಫ್ಯಾನ್ ಇಡುವ ಯೋಜನೆ.

"ಫ್ಯಾನಿಗೆ ಕರೆಂಟ್ ಎಲ್ಲಿಂದ ತರ್ತೀರಿ?" ಅಡುಗೆಮನೆಯಿಂದ ಅತ್ತೆ ಕೇಳಿದರು.

"ಗಾಳಿಯಂತ್ರದಿಂದ!"

ಮೊನ್ನೆ ಮಾತ್ರ ಮಾವ ಕೈಯಲ್ಲೊಂದು ಚೀಟಿ ಹಿಡಿದು ಕೇರಿಗೆಲ್ಲ ತೋರಿಸಿದರು. ಕರೆಂಟ್ ಬಿಲ್, ಮೊತ್ತ ಸೊನ್ನೆ. ಯಂತ್ರ ಗೆದ್ದಿತ್ತು. ಮೀಟರ್ ನೋಡಲು ಬಂದ ಹುಡುಗ ಸಂಕೋಚದಿಂದ, "ಅದು ಗೃಹಜ್ಯೋತಿ ಸಾರ್. 2023ರಿಂದ ಇನ್ನೂರು ಯೂನಿಟ್ ಒಳಗಿದ್ದೋರಿಗೆ ಸರ್ಕಾರಾನೇ ಕಟ್ತಿದೆ," ಎಂದ.

ಮಾವ ಒಂದು ಕ್ಷಣ ಯೋಚಿಸಿ, ನನ್ನ ಕಿವಿಯ ಹತ್ತಿರ ಬಂದರು. "ನೋಡಿದ್ಯಾ? ನನ್ನ ಯಂತ್ರ ಮುಚ್ಚಿಹಾಕೋಕೆ ಎಷ್ಟು ಕೋಟಿ ಸುರೀತಿದ್ದಾರೆ!"